ಎರವಲು ಪದದ ಬಹುವಚನ

ಇಂಗ್ಲಿಷಿನಲ್ಲಿಯೂ ಜರ್ಮನಿನಲ್ಲಿಯೂ ಇಲಿಗೆ ‘ಮೌಸ್’ ಎಂದೇ ಹೆಸರು. ಇಲಿಗಳು ಹಲವಾದರೆ ಮೊದಲನೆಯದರಲ್ಲಿ ‘ಮೈಸ್’, ಎರಡನೆಯದರಲ್ಲಿ ‘ಮೊಯ್ಸೆ’. ಪೂರ್ವಕಾಲದಲ್ಲಿ ಬಹುವಚನ ಪ್ರತ್ಯಯದಲ್ಲಿದ್ದ ಇಕಾರವು ಪದದ ಒಳಸ್ವರವನ್ನು ತನ್ನತ್ತ ಸೆಳೆಯಿತು. ಕಾಲಕ್ರಮದಲ್ಲಿ ಇಕಾರ ಅಳಿಯಿತು, ಸ್ವರಪಲ್ಲಟ ಮಾತ್ರ ಉಳಿಯಿತು. ಇಂತಹ ರೂಪಗಳನ್ನು ಕಲಿಯದೆ ವಿಧಿಯಿಲ್ಲ.

ಎರವಲು ಪದಗಳ ಮಾತು ಬೇರೆ. ‘ಆಕ್ಟೊಪಸ್’ ಎಂಬುದರ ಬಹುವಚನ ‘ಆಕ್ಟೊಪೈ’ ಎಂದೇ ಆಗಬೇಕೆಂದು ಹಟ ಹಿಡಿಯುವ ಪಂಡಿತರುಂಟು. ಆ ಪ್ರತ್ಯಯ ಲ್ಯಾಟಿನ್ನಿನದು. ಪದವಾದರೋ ಗ್ರೀಕ್ ಮೂಲದ್ದು! ‘ಆಕ್ಟೊಪಸಸ್’ ಎಂದ ವಿದ್ಯಾರ್ಥಿಯನ್ನು ಅವರು ಹಾಸ್ಯಮಾಡುವುದು ನ್ಯಾಯವಲ್ಲ. ಹೊರಗಿನಿಂದ ಬಂದ ಪದವು ಸೇರಿದ ಮನೆಯ ರೀತಿಗೆ ಹೊಂದಿಕೊಂಡರೆ ತಪ್ಪೇನು? ಜರ್ಮನರು ‘ಅಟ್ಲಸ್’ ಪದಕ್ಕೆ ಗ್ರೀಕ್ ಜಾಡಿನ ‘ಅಟ್ಲಂಟೆನ್’ ಎಂಬುದನ್ನೂ ತಮ್ಮದೇ ಪ್ರತ್ಯಯದ ‘ಅಟ್ಲಸ್ಸೆ’ ಎಂಬುದನ್ನೂ ನಿಘಂಟಿನಲ್ಲಿ ಅಕ್ಕಪಕ್ಕ ಇರಿಸಿದ್ದಾರೆ.