ಜ್ಞಾನ ಜೋಳಿಗೆ: ಕರ್ಣ ಮರೆತದ್ದೇಕೆ?

“ಮನೆಯಲ್ಲಿ ಎಲ್ಲ ಬರುತ್ತಿತ್ತು, ಪರೀಕ್ಷೆಯಲ್ಲಿ ಮರೆತೇ ಹೋಯಿತು.” ಮಾರ್ಚ್ ತಿಂಗಳು ಬಂತೆಂದರೆ ಈ ಮಾತು ಕೇಳಿಬರದ ಮನೆ ಅಪರೂಪ. “ನೀನು ಸರಿಯಾಗಿ ಓದಲಿಲ್ಲ, ಅದಕ್ಕೇ” ಎಂಬುದು ತಂದೆ ತಾಯಿಯರ ಸಿದ್ಧ ಉತ್ತರ. ಆದರೆ ಓದಿಯೂ ಮರೆಯುವುದುಂಟು. ಅದು ಏಕೆ ಎಂಬುದನ್ನು ಈ ವಾರದ ಐದು ಪ್ರಶ್ನೆಗಳ ಮೂಲಕ ನೋಡೋಣ. ಒಂದೇ ಒಂದು ಷರತ್ತು: ಕೆಳಗಿನ ಉತ್ತರಗಳತ್ತ ಕಣ್ಣು ಹಾಯಿಸುವ ಮೊದಲು ನಿಮ್ಮ ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ತಪ್ಪಾದರೂ ಚಿಂತೆಯಿಲ್ಲ.

ಪ್ರಶ್ನೆಗಳು

1. ಕಾನೂನು: ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ರಚನೆಯಾದ ಯಾವ ಗ್ರಂಥ ಭಾರತದ ಬಹುಭಾಗದಲ್ಲಿ ಹಿಂದೂಗಳ ಆಸ್ತಿ ಹಕ್ಕಿಗೆ ಆಧಾರವಾಯಿತು?

2. ಪ್ರಾಚೀನ ಅವಶೇಷ: ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೂ, ಕಲಬುರಗಿ ಜಿಲ್ಲೆಯ ಕನಗನಹಳ್ಳಿಯ ಸ್ತೂಪದ ಅವಶೇಷಗಳಲ್ಲೂ ಯಾವ ಸಾಮ್ರಾಟನ ಹೆಸರಿದೆ?

3. ಪದ: ಶಾಸನ, ಶಾಸಕ, ಶಾಸ್ತ್ರ – ಇವುಗಳ ಧಾತುವಿನಿಂದಲೇ ಹುಟ್ಟಿದ, ಶಾಲೆಗೆ ಸಂಬಂಧಿಸಿದ ಪದ ಯಾವುದು?

4. ಪುರಾಣ: ಬೇಕಾದ ಹೊತ್ತಿನಲ್ಲೇ ಅಸ್ತ್ರ ನೆನಪಿಗೆ ಬಾರದಿರಲಿ ಎಂದು ಕರ್ಣನನ್ನು ಶಪಿಸಿದವರು ಯಾರು?

5. ನೆನಪು: ಮರೆವು ಎಷ್ಟು ಬೇಗ ಆಗುತ್ತದೆಂದು ತನ್ನ ಮೇಲೆಯೇ ಪ್ರಯೋಗ ಮಾಡಿ ಅಳೆದ ಜರ್ಮನ್ ವಿಜ್ಞಾನಿ ಯಾರು?

ಉತ್ತರಗಳು

1. ಮಿತಾಕ್ಷರಾ. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರ ಬರೆದ ವ್ಯಾಖ್ಯಾನವಿದು. ಆತ ಇದ್ದದ್ದು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ. ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಮಿತಾಕ್ಷರದ ಮುಖ್ಯ ಮಾತು. ಬಂಗಾಳದಲ್ಲಿ ಮಾತ್ರ ದಾಯಭಾಗವೆಂಬ ಬೇರೆ ಪದ್ಧತಿಯಿತ್ತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿಯಾಗಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಾನ ಹಕ್ಕು ಬಂತು. ಇಲ್ಲೊಂದು ಸ್ವಾರಸ್ಯವಿದೆ. ಕೇಳಿದ್ದು ಶ್ರುತಿ, ನೆನಪಿಟ್ಟದ್ದು ಸ್ಮೃತಿ. ಧರ್ಮ ಹೇಳುವ ಗ್ರಂಥಕ್ಕೆ ನಮ್ಮ ಹಿರಿಯರು ಇಟ್ಟ ಹೆಸರೇ ‘ನೆನಪು’!

2. ಅಶೋಕ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಕಂಡದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು. ಆ ದೊರೆ ಅಶೋಕನೇ ಎಂದು ಸಿಂಹಳದ ಇತಿಹಾಸ ಗ್ರಂಥಗಳ ನೆರವಿನಿಂದ ಊಹಿಸಲಾಗಿತ್ತು. ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ 1915ರಲ್ಲಿ ಬಿದ್ದ ಮಸ್ಕಿಯ ಬಂಡೆಯಲ್ಲಿ ಬಿರುದಿನ ಜೊತೆಗೆ ಹೆಸರೂ ಇತ್ತು, ಸಂಶಯ ಪರಿಹಾರವಾಯಿತು. ಸನ್ನತಿ ಬಳಿಯ ಕನಗನಹಳ್ಳಿಯ ಉತ್ಖನನದಲ್ಲಿ ‘ರಾಯೋ ಅಸೋಕೋ’ ಎಂಬ ಬರಹವಿರುವ ಶಿಲ್ಪವೇ ದೊರೆಯಿತು. ಜನ ಮರೆತರೂ ಕಲ್ಲು ಮರೆಯಲಿಲ್ಲ.

3. ಶಿಷ್ಯ. ‘ಶಾಸ್’ ಎಂದರೆ ಆಜ್ಞಾಪಿಸು, ಕಲಿಸು ಎಂದರ್ಥ. ಕಲ್ಲಿನ ಬರಹವೂ ಶಾಸನ, ಸರಕಾರದ ಕಾನೂನೂ ಶಾಸನ. ಕಾನೂನು ರಚಿಸುವವನು ಶಾಸಕ, ಕಲಿಸುವ ವಿದ್ಯೆ ಶಾಸ್ತ್ರ, ಕಲಿಯುವವನು ಶಿಷ್ಯ. ಒಂದು ಬೇರು ಗೊತ್ತಾದರೆ ನಾಲ್ಕು ಪದ ತಾವಾಗಿ ಮನಸ್ಸಿನಲ್ಲಿ ನಿಲ್ಲುತ್ತವೆ.

4. ಗುರು ಪರಶುರಾಮರು. ಬ್ರಾಹ್ಮಣನೆಂದು ಸುಳ್ಳು ಹೇಳಿ ಕರ್ಣ ಅವರಲ್ಲಿ ಶಿಷ್ಯನಾಗಿದ್ದ. ಒಮ್ಮೆ ಗುರು ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ ಹುಳವೊಂದು ತೊಡೆ ಕೊರೆಯಿತು. ಗುರುವಿನ ನಿದ್ದೆ ಕೆಡಬಾರದೆಂದು ಅವನು ಅಲುಗಲಿಲ್ಲ. ರಕ್ತ ತಾಗಿ ಎಚ್ಚರಗೊಂಡ ಗುರುವಿಗೆ ಇವನು ಬ್ರಾಹ್ಮಣನಲ್ಲವೆಂದು ತಿಳಿಯಿತು; ಶಾಪ ಬಂತು. ಕುರುಕ್ಷೇತ್ರದಲ್ಲಿ ಅಸ್ತ್ರ ಬೇಕಾದಾಗ ನೆನಪಿಗೆ ಬರಲಿಲ್ಲ.

5. ಹರ್ಮನ್ ಎಬ್ಬಿಂಗ್‌ಹೌಸ್. ಈತ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಉಳಿಯಿತೆಂದು ಬೇರೆ ಬೇರೆ ಸಮಯದ ನಂತರ ಪರೀಕ್ಷಿಸಿಕೊಂಡ. 1885ರಲ್ಲಿ ಫಲಿತಾಂಶ ಪ್ರಕಟಿಸಿದ. ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು, ಒಂದು ದಿನದಲ್ಲಿ ಸುಮಾರು ಮೂರನೆಯ ಎರಡು ಭಾಗ ಅಳಿಸಿಹೋಗುತ್ತಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಅರ್ಥ ತಿಳಿಯದೆ ಉರು ಹೊಡೆದದ್ದರ ಗತಿಯೂ ಇದೇ.

ಹಾಗಾದರೆ ಉಪಾಯವೇನು? 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕೆಲವು ವಿದ್ಯಾರ್ಥಿಗಳು ಪಾಠವನ್ನು ಮತ್ತೆ ಮತ್ತೆ ಓದಿದರು. ಉಳಿದವರು ಒಮ್ಮೆ ಓದಿ, ಅದನ್ನು ಬದಿಗಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರದೇ ಮೇಲುಗೈ. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು. “ಮನೆಯಲ್ಲಿ ಎಲ್ಲ ಬರುತ್ತಿತ್ತು” ಎನ್ನುವ ಮಗು ಸುಳ್ಳು ಹೇಳುತ್ತಿಲ್ಲ. ಪುಸ್ತಕ ಕಣ್ಣೆದುರು ಇದ್ದಾಗ ಎಲ್ಲವೂ ಬಂದಂತೆಯೇ ಅನಿಸುತ್ತದೆ. ಪುಸ್ತಕ ಮುಚ್ಚಿ ಹೇಳುವ ಅಭ್ಯಾಸ ಮಾತ್ರ ಆಗಿರುವುದಿಲ್ಲ.

ಪೋಷಕರಿಗೊಂದು ಮಾತು. ಕರ್ಣನಿಗೆ ವಿದ್ಯೆಯ ಕೊರತೆಯಿರಲಿಲ್ಲ, ಶ್ರದ್ಧೆಯ ಕೊರತೆಯೂ ಇರಲಿಲ್ಲ. ಅವನ ಬೆನ್ನಿಗೆ ಶಾಪವಿತ್ತು. “ಈ ಸಲವೂ ಕಡಿಮೆ ಅಂಕ ತಂದರೆ ನೋಡು”, “ನಿನ್ನ ಕೈಯಲ್ಲಿ ಆಗುವುದಿಲ್ಲ” ಎಂಬ ಮಾತುಗಳು ಮಗುವಿನ ಪಾಲಿಗೆ ಶಾಪಗಳೇ. ಹೆದರಿದ ಮನಸ್ಸಿಗೆ ಗೊತ್ತಿದ್ದ ಉತ್ತರವೂ ಹೊಳೆಯದು. ಅದರ ಬದಲು ರಾತ್ರಿ ಊಟದ ಹೊತ್ತಿನಲ್ಲಿ “ಇವತ್ತು ಏನು ಓದಿದೆ, ನನಗೂ ಸ್ವಲ್ಪ ಹೇಳು” ಎಂದು ಕೇಳಿ. ನಿಮಗೆ ಆ ವಿಷಯ ಗೊತ್ತಿರಬೇಕೆಂದೇನೂ ಇಲ್ಲ. ಕೇಳುವ ಕಿವಿಯಿದ್ದರೆ ಸಾಕು.

ಇನ್ನು ವಿದ್ಯಾರ್ಥಿಗಳೇ, ಪತ್ರಿಕೆಯನ್ನು ಮಡಚಿಡಿ. ಐದು ಉತ್ತರಗಳನ್ನು ಮತ್ತೊಂದು ಚೀಟಿಯಲ್ಲಿ ಬರೆದು ಮೊದಲಿನದರ ಜೊತೆ ಹೋಲಿಸಿ. ನಾಳೆ ಒಮ್ಮೆ, ಮುಂದಿನ ವಾರ ಹೊಸ ಪ್ರಶ್ನೆಗಳನ್ನು ನೋಡುವ ಮೊದಲು ಇನ್ನೊಮ್ಮೆ ಬರೆಯಿರಿ.