ಬಿತ್ತನೆಯ ಭತ್ತ ಕುಟ್ಟಿ ಉಂಡ ಮನೆ

2025ರ ಸೆಪ್ಟೆಂಬರ್ 6ರ ರಾತ್ರಿ ಬಾಲ್ಟಿಮೋರ್‌ನಲ್ಲಿ ಬೇಸ್‌ಬಾಲ್ ಪಿಚರ್ ಯೋಶಿನೊಬು ಯಮಮೊಟೊ ಒಂದೂ ಹಿಟ್ ಕೊಡದೆ 26 ಔಟ್ ಪಡೆದಿದ್ದರು. ಇನ್ನೊಂದು ಔಟ್ ಸಿಕ್ಕಿದ್ದರೆ ನೋ-ಹಿಟ್ಟರ್. ಅಷ್ಟರಲ್ಲಿ ಜಾಕ್ಸನ್ ಹಾಲಿಡೇ ಬೀಸಿದ ಚೆಂಡು ಬೇಲಿ ದಾಟಿತು. ಹೋಗಲಿ, ಅವರ ತಂಡ ಲಾಸ್ ಏಂಜಲೀಸ್ ಡಾಡ್ಜರ್ಸ್ ಆಗಲೂ 3–1ರಿಂದ ಮುಂದಿತ್ತು. 112 ಎಸೆತ ಹಾಕಿದ್ದ ಯಮಮೊಟೊ ಪಿಚರ್‌ನ ದಿಬ್ಬ ಇಳಿದರು. ಬ್ಲೇಕ್ ಟ್ರೈನನ್ ಬಂದರು: ಒಂದು ಡಬಲ್, ಒಬ್ಬರ ಮೈಗೆ ಚೆಂಡು, ಎರಡು ವಾಕ್. ಟ್ಯಾನರ್ ಸ್ಕಾಟ್ ಬಂದರು: ಒಂದು ಹಿಟ್. 4–3, ಬಾಲ್ಟಿಮೋರ್ ಗೆದ್ದಿತು. ನಾನು ಟಿವಿ ಆರಿಸಿ, ಯಾರೂ ಹೇಳದಿದ್ದರೂ ಪಾತ್ರೆ ತೊಳೆಯಲು ಹೋದೆ.

ಎರಡು ತಿಂಗಳೂ ಆಗಿರಲಿಲ್ಲ, ಅದೇ ತಂಡ ಟೊರೊಂಟೊದಲ್ಲಿ ವಿಶ್ವ ಸರಣಿಯ ಏಳನೇ ಪಂದ್ಯವನ್ನು 11 ಇನ್ನಿಂಗ್ಸ್‌ಗಳಲ್ಲಿ 5–4ರಿಂದ ಗೆದ್ದಿತು. ಅಂದು ನವೆಂಬರ್ 1. ಲಾಸ್ ಏಂಜಲೀಸ್‌ನ ಕನ್ನಡಿಗರು ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತೇ ಫೋನಿನಲ್ಲಿ ಪಂದ್ಯ ನೋಡಿದ ದಿನ. ಸತತ ಎರಡು ಕಿರೀಟ, 1998–2000ರ ಯಾಂಕೀಸ್ ನಂತರ ಯಾರೂ ಮಾಡದ ಸಾಧನೆ. ಬಾಲ್ಟಿಮೋರ್ ಯಾರಿಗೂ ನೆನಪಿಲ್ಲ. ನೆನಪಿಟ್ಟುಕೊಳ್ಳಬೇಕು ಎನ್ನುವುದಕ್ಕೇ ಈ ಬರಹ. ಬುಲ್‌ಪೆನ್ ಅಂದು ಹಾಳಾಗಿತ್ತು, ಅಕ್ಟೋಬರ್‌ನ ಪ್ಲೇಆಫ್‌ನಲ್ಲಿ ಯಾರೂ ಅದನ್ನು ರಿಪೇರಿ ಮಾಡಲಿಲ್ಲ. ಅದನ್ನು ಆದಷ್ಟೂ ಮುಟ್ಟದೆ ಗೆದ್ದರು.

ಕ್ರಿಕೆಟ್ ನೋಡಿ ಬೆಳೆದವರಿಗೆ ಎರಡು ಮಾತು. ಬೇಸ್‌ಬಾಲ್‌ನಲ್ಲಿ ಒಮ್ಮೆ ಹೊರಹೋದ ಪಿಚರ್ ಆ ಪಂದ್ಯಕ್ಕೆ ಮರಳುವಂತಿಲ್ಲ. ಕೊನೆಯ ಓವರುಗಳಿಗೆಂದು ಒಬ್ಬರನ್ನು ಉಳಿಸಿಟ್ಟುಕೊಂಡು ಮತ್ತೆ ಕರೆಯುವ ಅನುಕೂಲ ಇಲ್ಲ. ಆಟ ಆರಂಭಿಸುವವರು ಸ್ಟಾರ್ಟರ್. ನೂರರ ಆಸುಪಾಸು ಎಸೆತ ಹಾಕಿ ನಾಲ್ಕೈದು ದಿನ ವಿಶ್ರಾಂತಿ ಪಡೆಯುತ್ತಾರೆ. ಅವರ ನಂತರ ಬರುವವರು ರಿಲೀವರ್‌ಗಳು. ಒಂದು ಇನ್ನಿಂಗ್ಸ್ ಹಾಕುತ್ತಾರೆ, ನಾಳೆ ಮತ್ತೆ ಕರೆ ಬರಬಹುದು. ಅವರು ಕಾದು ಕೂರುವ ಜಾಗವೇ ಬುಲ್‌ಪೆನ್.

ಈಗ ಏಳನೇ ಪಂದ್ಯಕ್ಕೆ ಯಾರನ್ನು ಕರೆದರು ನೋಡಿ. ಶುರು ಮಾಡಿದ್ದು ಮೂರೇ ದಿನ ವಿಶ್ರಾಂತಿ ಪಡೆದಿದ್ದ ಶೋಹೇ ಒಟಾನಿ. ನಡುವೆ ಬಂದವರಲ್ಲಿ ಟೈಲರ್ ಗ್ಲಾಸ್ನೋ, ಬ್ಲೇಕ್ ಸ್ನೆಲ್ ಇಬ್ಬರೂ ಸ್ಟಾರ್ಟರ್‌ಗಳು. ಕೊನೆಗೆ ಯಮಮೊಟೊ. ಅವರು ಹಿಂದಿನ ರಾತ್ರಿಯಷ್ಟೇ ಆರನೇ ಪಂದ್ಯದಲ್ಲಿ 96 ಎಸೆತ ಹಾಕಿದ್ದರು. ಮರುದಿನ ಬಂದು 34 ಎಸೆತಗಳಲ್ಲಿ ಎಂಟು ಔಟ್ ಪಡೆದು ಆಟ ಮುಗಿಸಿದರು. ಇದಕ್ಕೂ ಮೊದಲು, ಎರಡನೇ ಪಂದ್ಯವನ್ನು ಪೂರ್ತಿ ಎಸೆದು ಒಂದೇ ದಿನ ಕಳೆದಿದ್ದಾಗ, 18 ಇನ್ನಿಂಗ್ಸ್‌ಗೆ ಎಳೆದ ಮೂರನೇ ಪಂದ್ಯದಲ್ಲಿ ಕೈ ಬೆಚ್ಚಗೆ ಮಾಡಿಕೊಳ್ಳಲು ಎದ್ದವರೂ ಅವರೇ. ಅಂದು ಅವರನ್ನು ಉಳಿಸಿದ್ದು ವಿಲ್ ಕ್ಲೈನ್ ಎಂಬ, ನಮ್ಮಲ್ಲಿ ಅರ್ಧ ಜನಕ್ಕೆ ಮುಖ ಗುರುತಿಲ್ಲದ ರಿಲೀವರ್ ಹಾಕಿದ 72 ಎಸೆತಗಳು.

ನಾನೂ ಕುಣಿದೆ, ಸುಳ್ಳು ಹೇಳುವುದಿಲ್ಲ. ಆದರೆ ಹಬ್ಬ ಮುಗಿದ ಮೇಲೆ ಕಣಜದ ಕಡೆ ನೋಡಬೇಕಾಗುತ್ತದೆ. ಲೀಗ್ ಹಂತದ 173 ಚಿಲ್ಲರೆ ಮತ್ತು ಪ್ಲೇಆಫ್‌ನ 37 ಚಿಲ್ಲರೆ ಸೇರಿ ಯಮಮೊಟೊ ಆ ವರ್ಷ ಎಸೆದದ್ದು 211 ಇನ್ನಿಂಗ್ಸ್. ಬಿತ್ತನೆಗೆಂದು ಎತ್ತಿಟ್ಟ ಭತ್ತವನ್ನು ಕುಟ್ಟಿ ಹಬ್ಬದೂಟ ಮಾಡಿದ ಮನೆಯ ಹಾಗಿದೆ ಡಾಡ್ಜರ್ಸ್. ಊಟ ರುಚಿಯಾಗಿತ್ತು. ಬೇಸ್‌ಬಾಲ್‌ನ ಮುಂಗಾರು ಏಪ್ರಿಲ್‌ಗೇ ಬರುತ್ತದೆ.

ಅಕ್ಟೋಬರ್‌ನಲ್ಲಿ ಈ ಉಪಾಯ ನಡೆಯುವುದಕ್ಕೆ ಕಾರಣ ಸರಳ. ಪಂದ್ಯಗಳ ನಡುವೆ ಬಿಡುವಿನ ದಿನಗಳಿರುತ್ತವೆ, ಆಮೇಲೆ ಇಡೀ ಚಳಿಗಾಲ ಕೈಗೆ ವಿಶ್ರಾಂತಿ. ಆರು ತಿಂಗಳಲ್ಲಿ 162 ಪಂದ್ಯ ಆಡುವಾಗ ಅದು ನಡೆಯದು. 2025ರಲ್ಲಿ ನಡೆದದ್ದನ್ನೇ ನೋಡಿ. ಸ್ನೆಲ್, ಗ್ಲಾಸ್ನೋ, ರೋಕಿ ಸಾಸಾಕಿ ಮೂವರೂ ಮೇ ತಿಂಗಳು ಮುಗಿಯುವುದರೊಳಗೆ ಭುಜ ಹಿಡಿದುಕೊಂಡು ಕೂತರು. ಶಸ್ತ್ರಚಿಕಿತ್ಸೆ ಮುಗಿಸಿ ಜೂನ್‌ನಲ್ಲಿ ದಿಬ್ಬಕ್ಕೆ ಮರಳಿದ ಒಟಾನಿ ಮೊದಮೊದಲು ಒಂದೊಂದೇ ಇನ್ನಿಂಗ್ಸ್ ಎಸೆದರು. ಉಳಿದದ್ದನ್ನೆಲ್ಲ ಹೊತ್ತವರು ರಿಲೀವರ್‌ಗಳು. ಇಡೀ ಮೇಜರ್ ಲೀಗ್‌ನಲ್ಲಿ ಅತಿ ಹೆಚ್ಚು ಇನ್ನಿಂಗ್ಸ್ ಎಸೆದದ್ದು ಡಾಡ್ಜರ್ಸ್ ಬುಲ್‌ಪೆನ್. ಒಂಬತ್ತು ಇನ್ನಿಂಗ್ಸ್‌ಗೆ ಅವರು ಬಿಟ್ಟುಕೊಟ್ಟ ರನ್ ಸರಾಸರಿ 4.27, ಮೂವತ್ತು ತಂಡಗಳ ಪಟ್ಟಿಯಲ್ಲಿ ಕೆಳಗಿನ ಸಾಲು. ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರ್ ಕೊಟ್ಟು ತಂದ ಸ್ಕಾಟ್ 10 ಸಲ ಮುನ್ನಡೆ ಕಳೆದರು. ಅವರನ್ನು ಬೈಯುವುದು ಸುಲಭ, ನಾನೂ ಬೈದಿದ್ದೇನೆ. ಆದರೆ ಐದನೇ ಇನ್ನಿಂಗ್ಸ್‌ನಲ್ಲೇ ಬುಲ್‌ಪೆನ್ ಬಾಗಿಲು ತೆರೆಯುವ ತಂಡದಲ್ಲಿ ಒಂಬತ್ತನೆಯದನ್ನು ಎಸೆಯುವವರೂ ದಣಿದೇ ಬರುತ್ತಾರೆ.

ಪಟ್ಟಿಯ ನಿಯಮಗಳೂ ಈಗ ಬಿಗಿ. 26 ಆಟಗಾರರಲ್ಲಿ ಪಿಚರ್‌ಗಳು 13ಕ್ಕಿಂತ ಹೆಚ್ಚು ಇರುವಂತಿಲ್ಲ. ಬ್ಯಾಟೂ ಬೀಸುವ ಒಟಾನಿಗೆ ಮಾತ್ರ ವಿನಾಯಿತಿ, ಅದು ಡಾಡ್ಜರ್ಸ್‌ಗೆ ಸಿಕ್ಕ ದೊಡ್ಡ ಲಾಭ. ದಣಿದ ಪಿಚರ್‌ನನ್ನು ಒಕ್ಲಹೋಮ ಸಿಟಿಯ ಕಿರಿಯ ತಂಡಕ್ಕೆ ಕಳಿಸಿದರೆ ಸಾಮಾನ್ಯವಾಗಿ 15 ದಿನ ವಾಪಸ್ ಕರೆಯುವಂತಿಲ್ಲ. ಒಬ್ಬನನ್ನೇ ವರ್ಷಕ್ಕೆ ಐದಕ್ಕಿಂತ ಹೆಚ್ಚು ಸಲ ಹೀಗೆ ಓಡಾಡಿಸುವಂತೆಯೂ ಇಲ್ಲ. ಇವತ್ತು ಒಬ್ಬ, ನಾಳೆ ಇನ್ನೊಬ್ಬ ಎಂದು ಬಾಡಿಗೆ ಕೈಗಳಲ್ಲಿ ಕಾಲ ತಳ್ಳುವ ದಾರಿ ಕಿರಿದಾಗಿದೆ.

2025ರ ಡಿಸೆಂಬರ್‌ನಲ್ಲಿ ತಂಡ ಎಡ್ವಿನ್ ಡಿಯಾಸ್ ಅವರನ್ನು ಮೂರು ವರ್ಷಕ್ಕೆ 6.9 ಕೋಟಿ ಡಾಲರ್ ಕೊಟ್ಟು ತಂದಿತು. ಒಳ್ಳೆಯ ಪಿಚರ್, ಅನುಮಾನವಿಲ್ಲ. ನನ್ನ ತಕರಾರು ಬೇರೆ. ಬಾಗಿಲಿಗೆ ಎಷ್ಟು ಗಟ್ಟಿ ಚಿಲಕ ಹಾಕಿದರೂ ಗೋಡೆಯ ಬಿರುಕು ಮುಚ್ಚುವುದಿಲ್ಲ. ಡಿಯಾಸ್ ಎಸೆಯುವುದು ಒಂಬತ್ತನೆಯದನ್ನು. ಆರು, ಏಳು, ಎಂಟನ್ನು ಎಸೆಯುವವರು ಯಾರು? ಇವಾನ್ ಫಿಲಿಪ್ಸ್ ಅವರಿಗೆ 2025ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಯಾಯಿತು. ಬ್ರುಸ್ಡಾರ್ ಗ್ರಾಟೆರೋಲ್ ಆ ವರ್ಷ ಒಂದು ಚೆಂಡೂ ಎಸೆಯಲಿಲ್ಲ. ಅಕ್ಟೋಬರ್‌ನಲ್ಲಿ ಮಾನ ಉಳಿಸಿದ ಸಾಸಾಕಿ ಮೂಲತಃ ಸ್ಟಾರ್ಟರ್. ಅವರನ್ನು ಸ್ಟಾರ್ಟರ್ ಮಾಡಿದರೆ ಬುಲ್‌ಪೆನ್ ಬರಿದು, ಅಲ್ಲೇ ಇಟ್ಟುಕೊಂಡರೆ ಆರು ಸ್ಟಾರ್ಟರ್‌ಗಳ ಸರದಿಯಲ್ಲಿ ಒಂದು ಕುರ್ಚಿ ಖಾಲಿ.

ಈ ದಾರಿಯಲ್ಲಿ ಮೊದಲು ಹೋದವರಿದ್ದಾರೆ. 2018ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ 108 ಪಂದ್ಯ ಗೆದ್ದು, ವಿಶ್ವ ಸರಣಿಯಲ್ಲಿ ನಮ್ಮ ಡಾಡ್ಜರ್ಸ್ ತಂಡವನ್ನೇ ಸೋಲಿಸಿತು. ಅವರೂ ಸ್ಟಾರ್ಟರ್‌ಗಳನ್ನೇ ರಿಲೀವರ್‌ಗಳಾಗಿ ಬಳಸಿದರು. ಮೂರನೇ ಪಂದ್ಯ ಅಂದೂ 18 ಇನ್ನಿಂಗ್ಸ್‌ಗೆ ಎಳೆಯಿತು, ನೇಥನ್ ಇಯೊವಾಲ್ಡಿ ಬುಲ್‌ಪೆನ್‌ನಿಂದ ಬಂದು 97 ಎಸೆತ ಹಾಕಿದರು. ಕೊನೆಯ ಪಂದ್ಯ ಮುಗಿಸಿದ್ದು ಕ್ರಿಸ್ ಸೇಲ್. ಮರುವರ್ಷ ಏಪ್ರಿಲ್‌ನಲ್ಲೇ ಇಯೊವಾಲ್ಡಿ ಮೊಣಕೈಗೆ ಶಸ್ತ್ರಚಿಕಿತ್ಸೆ, ಆಗಸ್ಟ್‌ನಲ್ಲಿ ಸೇಲ್ ಅವರ ವರ್ಷ ಮುಗಿಯಿತು, 2020ರ ಮಾರ್ಚ್‌ನಲ್ಲಿ ಅವರಿಗೂ ಟಾಮಿ ಜಾನ್ ಶಸ್ತ್ರಚಿಕಿತ್ಸೆ. 2019ರಲ್ಲಿ ತಂಡ ಗೆದ್ದದ್ದು 84. ಕೊನೆಯ ಇನ್ನಿಂಗ್ಸ್ ಎಸೆಯುವ ಕ್ಲೋಸರ್ ಕ್ರೇಗ್ ಕಿಂಬ್ರೆಲ್ ಅವರನ್ನು ಬಿಟ್ಟುಕೊಟ್ಟು ಅವರ ಜಾಗಕ್ಕೆ ಯಾರನ್ನೂ ತಂದಿರಲಿಲ್ಲ. ತಂಡ ಕಟ್ಟಿ ಕಿರೀಟ ತಂದ ಮುಖ್ಯಸ್ಥ ಡೇವ್ ಡೊಂಬ್ರೌಸ್ಕಿ ಆ ವರ್ಷದ ಸೆಪ್ಟೆಂಬರ್‌ನಲ್ಲೇ ಕೆಲಸ ಕಳೆದುಕೊಂಡರು.

ಇದಕ್ಕೆ ಎದುರು ಸಾಕ್ಷಿಯೂ ಇದೆ. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮ್ಯಾಡಿಸನ್ ಬಮ್‌ಗಾರ್ನರ್ ಎರಡೇ ದಿನದ ವಿಶ್ರಾಂತಿಯಲ್ಲಿ ಬಂದು ಏಳನೇ ಪಂದ್ಯದ ಕೊನೆಯ ಐದು ಇನ್ನಿಂಗ್ಸ್ ಎಸೆದರು. ಆ ವರ್ಷ ಒಟ್ಟು 270 ಇನ್ನಿಂಗ್ಸ್. ಆಮೇಲೂ ಎರಡು ವರ್ಷ ಗುಂಡುಕಲ್ಲಿನ ಹಾಗೆ ನಿಂತರು. ಬಾಸ್ಟನ್‌ನಲ್ಲೂ ಮ್ಯಾನೇಜರ್ ಅಲೆಕ್ಸ್ ಕೋರಾ ವಸಂತ ಶಿಬಿರದಲ್ಲಿ ಸ್ಟಾರ್ಟರ್‌ಗಳನ್ನು ಬೇಕೆಂದೇ ನಿಧಾನವಾಗಿ ತಯಾರು ಮಾಡಿದ್ದರು, ಆದರೂ ಕೈಗಳು ಉಳಿಯಲಿಲ್ಲ. ಯಾವ ಕೈ ಯಾವಾಗ ಮುರಿಯುತ್ತದೆಂದು ಹೇಳಬಲ್ಲವರಿಲ್ಲ. 1974ರ ಇದೇ ಡಾಡ್ಜರ್ಸ್ ತಂಡದಲ್ಲಿ ರಿಲೀವರ್ ಮೈಕ್ ಮಾರ್ಷಲ್ 106 ಪಂದ್ಯಗಳಲ್ಲಿ 208 ಇನ್ನಿಂಗ್ಸ್ ಎಸೆದು ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. ಅದೇ ವರ್ಷ, ಅದೇ ತಂಡದಲ್ಲಿ ಟಾಮಿ ಜಾನ್ ಅವರ ಮೊಣಕೈಯ ಸ್ನಾಯುಬಂಧ ಹರಿಯಿತು. ಡಾ. ಫ್ರಾಂಕ್ ಜೋಬ್ ಮಾಡಿದ ಆ ಶಸ್ತ್ರಚಿಕಿತ್ಸೆಗೆ ಇವತ್ತಿಗೂ ಟಾಮಿ ಜಾನ್ ಹೆಸರೇ.

ಆದರೆ ಮಾರ್ಷಲ್ ಕಾಲದ ಎಸೆತ ಬೇರೆ, ಇಂದಿನದು ಬೇರೆ. 2024ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ತಾನೇ ಹೊರತಂದ ವರದಿಯ ಪ್ರಕಾರ ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ ಗಂಟೆಗೆ 91.3 ಮೈಲಿ ಇದ್ದದ್ದು 2024ಕ್ಕೆ 94.2 ಆಗಿದೆ. ಗಾಯಾಳುಗಳ ಪಟ್ಟಿಗೆ ಪಿಚರ್‌ಗಳನ್ನು ಸೇರಿಸಿದ್ದು 2005ರಲ್ಲಿ 212 ಸಲ, 2024ರಲ್ಲಿ 485 ಸಲ. ಪ್ರತಿ ಎಸೆತಕ್ಕೂ ಇದ್ದ ಶಕ್ತಿಯನ್ನೆಲ್ಲ ಹಾಕುವುದು ಮುಖ್ಯ ಕಾರಣಗಳಲ್ಲೊಂದು ಎನ್ನುತ್ತದೆ ಆ ವರದಿ. ಇಂಥ ಕೈಗಳನ್ನೇ ನಾವು ದಿನ ಬಿಡದೆ ದುಡಿಸಲು ಹೊರಟಿರುವುದು.

ಇದು ಒಂದೇ ತಂಡದ ಚಿಂತೆಯೂ ಅಲ್ಲ. ಗೆದ್ದವರನ್ನು ಎಲ್ಲರೂ ನಕಲು ಮಾಡುತ್ತಾರೆ. ಡಾಡ್ಜರ್ಸ್ ಬಳಿ ನಾಲ್ವರು ದೊಡ್ಡ ಸ್ಟಾರ್ಟರ್‌ಗಳೂ ಒಬ್ಬರು ಮುರಿದರೆ ಇನ್ನೊಬ್ಬರನ್ನು ತರುವ ದುಡ್ಡೂ ಇವೆ. ಅದಿಲ್ಲದ ತಂಡದ ಮ್ಯಾನೇಜರ್ ಮುಂದಿನ ಅಕ್ಟೋಬರ್‌ನಲ್ಲಿ ತನ್ನ 23 ವರ್ಷದ ಹುಡುಗನನ್ನು ಹಿಂದಿನ ರಾತ್ರಿಯ 90 ಎಸೆತದ ಮೇಲೆ ದಿಬ್ಬಕ್ಕೆ ಕಳಿಸಿ, ಯಮಮೊಟೊ ಮಾಡಲಿಲ್ಲವೇ ಎಂದು ಕೇಳುತ್ತಾನೆ. ಹುಡುಗನೂ ಬೇಡ ಅನ್ನುವುದಿಲ್ಲ.

ಹಾಗಾಗಿ ಏಪ್ರಿಲ್‌ನಲ್ಲಿ ನಾನು ಗೆಲುವು ಸೋಲು ಎಣಿಸುವುದಿಲ್ಲ. ಸ್ಟಾರ್ಟರ್‌ಗಳು ಆರನೇ ಇನ್ನಿಂಗ್ಸ್ ಮುಗಿಸುತ್ತಾರೆಯೇ, ಒಬ್ಬನೇ ರಿಲೀವರ್ ಮೂರು ದಿನ ಸತತವಾಗಿ ಎದ್ದು ಕೈ ಬೆಚ್ಚಗೆ ಮಾಡಿಕೊಳ್ಳುತ್ತಾನೆಯೇ ಎಂದು ನೋಡುತ್ತೇನೆ. ಆಟಕ್ಕೆ ಇಳಿಯದಿದ್ದರೂ ಆ ಎಸೆತಗಳು ಕೈಗೆ ಗೊತ್ತಿರುತ್ತವೆ, ಸ್ಕೋರ್‌ಕಾರ್ಡ್‌ನಲ್ಲಿ ಮಾತ್ರ ಕಾಣುವುದಿಲ್ಲ. ಯಮಮೊಟೊ ಅವರ ವೇಗ ಐದನೇ ಇನ್ನಿಂಗ್ಸ್‌ನಲ್ಲಿ ಒಂದು ಮೈಲಿ ಇಳಿದರೆ ನನ್ನ ಪಕ್ಕದಲ್ಲಿ ಕೂತ ಅಭಿಮಾನಿ ಗಮನಿಸಲಾರ, ಆದರೆ ಮ್ಯಾನೇಜರ್ ಡೇವ್ ರಾಬರ್ಟ್ಸ್ ಮುಂದಿನ ಪರದೆಯಲ್ಲಿ ಅದು ಕಾಣುತ್ತದೆ. ಅಂದು 4–0 ಮುನ್ನಡೆ ಇದ್ದರೂ, 70 ಎಸೆತಕ್ಕೇ, ಪ್ರೇಕ್ಷಕರು ಕೂಗಿದರೂ ಯಮಮೊಟೊ ಅವರನ್ನು ಇಳಿಸಬೇಕು. ಆ ಕೂಗುವವರಲ್ಲಿ ನಾನೂ ಇರಬಹುದು; ಕಿವಿಗೊಡಬಾರದು.