ಗೇಟಿಗೊಬ್ಬ ಮನುಷ್ಯ ಸಾಲದು

ಬ್ರಾಡ್‌ಗೇಜ್ ಹಳಿಗಳಲ್ಲಿ ‘ಮಾನವರಹಿತ’ ಲೆವೆಲ್ ಕ್ರಾಸಿಂಗ್‌ಗಳು 2019ಕ್ಕೇ ಮುಗಿದವು ಎನ್ನುತ್ತದೆ ರೈಲ್ವೆ. ಅನುವಾದಕಿಯಾದ ನನಗೆ ಆ ಪದದ ಮೇಲೇ ಅನುಮಾನ. ಮನುಷ್ಯನನ್ನು ಕೂರಿಸಿಬಿಟ್ಟರೆ ಸಾಕೆ?

2025ರ ಜುಲೈ 8ರಂದು ಕಡಲೂರು ಬಳಿಯ ಸೆಮ್ಮಂಕುಪ್ಪಂನಲ್ಲಿ ಗೇಟ್‌ಮನ್ ಇದ್ದರು. ಆದರೂ ಶಾಲಾ ವ್ಯಾನಿಗೆ ರೈಲು ಬಡಿದು ಮೂವರು ಮಕ್ಕಳು ತೀರಿಕೊಂಡರು. ಇಲ್ಲದಿದ್ದದ್ದು ಇಂಟರ್‌ಲಾಕಿಂಗ್: ಗೇಟು ಮುಚ್ಚುವವರೆಗೆ ಸಿಗ್ನಲ್ ಹಸಿರಾಗಲು ಬಿಡದ ವ್ಯವಸ್ಥೆ.

ಆಮೇಲೆ ಬಂದ ಆದೇಶ, ದಿನದ ರೈಲುಗಳನ್ನು ವಾಹನಗಳಿಂದ ಗುಣಿಸಿದಾಗ 10,000 ದಾಟುವ ಗೇಟುಗಳಿಗೆ ಮಾತ್ರ. ಆ ಲೆಕ್ಕದಲ್ಲಿ ಮಕ್ಕಳು ತುಂಬಿದ ವ್ಯಾನೂ ಒಂದೇ ವಾಹನ!

ಗೇಟ್‌ಮನ್‌ನನ್ನು ವಜಾ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಮರೆವು ಮನುಷ್ಯನ ಗುಣ. ಅದು ಜೀವ ತೆಗೆಯದಂತೆ ನೋಡಿಕೊಳ್ಳುವುದು ಇಲಾಖೆಯ ಕೆಲಸ. ಇಂಟರ್‌ಲಾಕಿಂಗ್ ಪ್ರತಿ ಗೇಟಿಗೂ ಬೇಕು.